ಶಾಲೆಯ ತಿಂಗಳ ಸುದ್ದಿ ಊರಿಗೆ ಸಲ್ಲಬೇಕು



ಹಳ್ಳಿಯ ಸರ್ಕಾರಿ ಶಾಲೆಯ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಸೋರುವ ಕೊಠಡಿ, ಖಾಲಿ ಹುದ್ದೆ, ಇಂಗ್ಲಿಷ್ ಮಾಧ್ಯಮ, ಶಾಲೆಗಳ ವಿಲೀನ ಇವೆಲ್ಲ ವಿಧಾನಸಭೆಯಲ್ಲೂ ಚಹದಂಗಡಿಯಲ್ಲೂ ಚರ್ಚೆಯಾಗುತ್ತಲೇ ಇವೆ. ಇವುಗಳ ನಡುವೆ ಯಾರೂ ಅಷ್ಟಾಗಿ ಕೇಳದ ಒಂದು ಪ್ರಶ್ನೆಯನ್ನು ಇಂದಿನ ದತ್ತಿ ಉಪನ್ಯಾಸಕ್ಕೆ ಎತ್ತಿಕೊಂಡಿದ್ದೇನೆ. ಕಳೆದ ತಿಂಗಳು ತನ್ನ ಶಾಲೆಯಲ್ಲಿ ಏನೇನು ನಡೆಯಿತು ಎನ್ನುವುದು ಒಂದು ಊರಿಗೆ ಗೊತ್ತಾಗುವುದು ಹೇಗೆ? ಎಷ್ಟು ದಿನ ಪಾಠ ನಡೆಯಿತು, ಎಷ್ಟು ಮಕ್ಕಳು ಬಂದರು, ಬಾರದವರು ಯಾಕೆ ಬರಲಿಲ್ಲ, ಮೊಟ್ಟೆ ಕೊಟ್ಟರೇ, ಗಣಿತಕ್ಕೆ ಶಿಕ್ಷಕರು ಬಂದರೇ, ಹೊಸದಾಗಿ ಓದಲು ಕಲಿತ ಮಕ್ಕಳೆಷ್ಟು? ಈ ಸುದ್ದಿ ಊರಿಗೆ ತಲುಪುತ್ತಿಲ್ಲ. ಅದು ತಲುಪದೇ ಇರುವುದರಿಂದಲೇ ನಮ್ಮ ಶಾಲೆಯ ಬಹುಪಾಲು ತೊಂದರೆಗಳು ತೊಂದರೆಗಳಾಗಿಯೇ ಉಳಿದಿವೆ ಎನ್ನುವುದು ನನ್ನ ವಾದ. ಪ್ರತಿ ಸರ್ಕಾರಿ ಶಾಲೆ ತಿಂಗಳಿಗೊಮ್ಮೆ ಒಂದು ಪುಟದ ಸುದ್ದಿಯನ್ನು ತನ್ನ ಊರಿಗೆ ಕೊಡಬೇಕು. ಅದನ್ನು ಮಕ್ಕಳೇ ಬರೆಯಬೇಕು, ಮುಖ್ಯ ಶಿಕ್ಷಕರು ಸಹಿ ಹಾಕಬೇಕು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅದನ್ನು ಹೊರಡಿಸಬೇಕು. ಇದು ಶಾಲೆ ಊರಿಗೆ ತೀರಿಸಬೇಕಾದ ಬಾಕಿ.

ಶಾಲೆಯಲ್ಲಿ ಮಾಹಿತಿಗೆ ಕೊರತೆಯಿದೆ ಎಂದು ಯಾರೂ ಹೇಳಲಾರರು. ಹಾಜರಿ ಪುಸ್ತಕ ಇದೆ, ದಾಖಲಾತಿ ವಹಿ ಇದೆ, ಬಿಸಿಯೂಟದ ಅಕ್ಕಿ ಬೇಳೆ ಎಣ್ಣೆಯ ದಾಸ್ತಾನು ವಹಿ ಇದೆ, ಹಾಲಿನ ಪುಡಿಯ ಲೆಕ್ಕ ಇದೆ, ಅಡುಗೆಯ ರುಚಿ ನೋಡಿ ಶಿಕ್ಷಕರು ಸಹಿ ಹಾಕುವ ಪುಸ್ತಕವೂ ಇದೆ. ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ, ಶಾಲೆಗಳ ದತ್ತಾಂಶದ ಯು-ಡೈಸ್‌ನಲ್ಲಿ ಶೌಚಾಲಯದ ಬಾಗಿಲಿನವರೆಗೆ ವಿವರ ಇದೆ. ಇವೆಲ್ಲ ಹೋಗುವುದು ಮೇಲಕ್ಕೆ: ಕ್ಲಸ್ಟರಿನ ಸಿಆರ್‌ಪಿ ಕೇಳುತ್ತಾರೆ, ತಾಲ್ಲೂಕಿನ ಬಿಇಒ ಕಚೇರಿ ಕೇಳುತ್ತದೆ, ಜಿಲ್ಲೆಯ ಡಿಡಿಪಿಐ ಕಚೇರಿ ಕೇಳುತ್ತದೆ, ಬೆಂಗಳೂರು ಕೇಳುತ್ತದೆ. ಅದೇ ಅಂಕಿಯನ್ನು ಶಾಲೆಯ ಗೇಟಿನಿಂದ ನೂರು ಹೆಜ್ಜೆ ದೂರದ ಮನೆಯ ತಾಯಿಗೆ ಹೇಳುವ ಏರ್ಪಾಡು ಇಲ್ಲ. ಆದರೆ ಶಿಕ್ಷಕರಿಗಾಗಿ ಮಾಸಪತ್ರಿಕೆ ಹೊರಡಿಸುವ ಪರಂಪರೆ ನಮ್ಮಲ್ಲಿ ತುಂಬ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲೇ ಉತ್ತರ ಕರ್ನಾಟಕದಲ್ಲಿ ಆರಂಭವಾಗಿ, ವೆಂಕಟ ರಂಗೋ ಕಟ್ಟಿಯವರಂಥವರ ಸಂಪಾದಕತ್ವ ಕಂಡ 'ಶಾಲಾಪತ್ರಿಕೆ' ಮುಂದೆ ಧಾರವಾಡದ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ಶಿಕ್ಷಣ ಇಲಾಖೆ ಶಿಕ್ಷಕರೊಡನೆ ಮಾತಾಡಲು ಅಂದೇ ಒಂದು ದಾರಿ ಮಾಡಿಕೊಂಡಿತು. ಶಾಲೆ ಊರಿನೊಡನೆ ಮಾತಾಡುವ ದಾರಿಯನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಯಾರೂ ಕಟ್ಟಿಲ್ಲ.

ಹೀಗಾದದ್ದು ಯಾರ ಕೆಟ್ಟತನದಿಂದಲೂ ಅಲ್ಲ. ಹಣ ಎಲ್ಲಿಂದ ಬರುತ್ತದೋ ಲೆಕ್ಕ ಅಲ್ಲಿಗೆ ಹೋಗುತ್ತದೆ. ಅಮೆರಿಕದ ಗ್ರಾಮೀಣ ಭಾಗದ ಶಾಲಾ ಜಿಲ್ಲೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಶಾಲಾ ಜಿಲ್ಲೆ ಎಂದರೆ ಒಂದೆರಡು ಊರುಗಳ ಕೆಲವೇ ಶಾಲೆಗಳನ್ನು ನಡೆಸುವ, ಸಾಮಾನ್ಯವಾಗಿ ಚುನಾಯಿತ ಮಂಡಳಿಯಿರುವ ಪ್ರತ್ಯೇಕ ಸಂಸ್ಥೆ. ಅದರ ಖರ್ಚಿನ ದೊಡ್ಡ ಪಾಲು ಊರಿನ ಮನೆ ಜಮೀನುಗಳ ತೆರಿಗೆಯಿಂದ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಬಹುತೇಕ ಶಾಲಾ ಜಿಲ್ಲೆಗಳಲ್ಲಿ ಪ್ರತಿ ವರ್ಷ ಮೇ ತಿಂಗಳ ಮೂರನೆಯ ಮಂಗಳವಾರ ಊರವರು ಶಾಲೆಯ ಬಜೆಟ್ಟಿಗೆ ಮತ ಹಾಕುತ್ತಾರೆ. ಬಜೆಟ್ ಬಿದ್ದುಹೋಗುವ ಭಯ ಇರುವಲ್ಲಿ ಶಾಲೆ ತನ್ನ ಸುದ್ದಿಯನ್ನು ಊರಿಗೆ ಹೇಳದೆ ಕೂರಲಾರದು. ಮಧ್ಯಾಹ್ನದ ಊಟದ ಪಟ್ಟಿ, ಬಸ್ಸಿನ ವೇಳೆ, ಮಂಡಳಿಯ ತೀರ್ಮಾನ, ಆಟದ ಫಲಿತಾಂಶ, ಮಕ್ಕಳ ನಾಟಕ ಇವನ್ನೆಲ್ಲ ತುಂಬಿಕೊಂಡ ಸುದ್ದಿಪತ್ರ ಮನೆಮನೆಗೆ ಹೋಗುವುದು ಅಲ್ಲಿ ತೀರ ಸಾಮಾನ್ಯ. ಆ ವ್ಯವಸ್ಥೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಊರಿನ ತೆರಿಗೆಯನ್ನೇ ನೆಚ್ಚಿದ್ದರಿಂದ ಬಡ ಊರಿನ ಶಾಲೆ ಬಡವಾಗಿಯೇ ಉಳಿಯುವುದು ಅದರ ದೊಡ್ಡ ದೋಷ, ಆ ಅನ್ಯಾಯ ನಮಗೆ ಬೇಡ. ನಮ್ಮಲ್ಲಿ ಹಣ ರಾಜ್ಯದಿಂದ ಬರುವುದೇ ಸರಿ. ಆದರೆ ಹಣದ ಜೊತೆಗೆ ಮಾಹಿತಿಯ ಒಡೆತನವನ್ನೂ ರಾಜ್ಯಕ್ಕೇ ಬಿಟ್ಟುಕೊಡಬೇಕು ಎಂದು ಯಾವ ಕಾನೂನೂ ಹೇಳಿಲ್ಲ.

ಕಾನೂನು ಹೇಳಿರುವುದು ಇದಕ್ಕೆ ವಿರುದ್ಧವಾದದ್ದನ್ನು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ದೇಶದ ಶಿಕ್ಷಣ ಹಕ್ಕು ಕಾಯ್ದೆ ಬರುವ ಎಂಟು ವರ್ಷ ಮೊದಲೇ ತಂದೆತಾಯಿಗಳ ಕೈಗೆ ಶಾಲೆಯ ಮೇಲುಸ್ತುವಾರಿ ಕೊಟ್ಟ ರಾಜ್ಯ ನಮ್ಮದು, ಇದು ಹೆಮ್ಮೆಪಡಬೇಕಾದ ಸಂಗತಿ. 2009ರ ಆ ಕಾಯ್ದೆ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಅದರ 24ನೆಯ ಸೆಕ್ಷನ್ ಪ್ರಕಾರ, ಪೋಷಕರ ಸಭೆ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಕೇಂದ್ರ ಸರ್ಕಾರ 2010ರಲ್ಲಿ ಹೊರಡಿಸಿದ ನಿಯಮಗಳಂತೂ ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದರ ನಡಾವಳಿ ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದು ನೇರವಾಗಿಯೇ ಹೇಳಿದವು. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಸರ್ಕಾರಿ ಸಂಸ್ಥೆಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕು, ಅದು ಸ್ಥಳೀಯ ಭಾಷೆಯಲ್ಲಿರಬೇಕು, ಆ ಪ್ರದೇಶದ ಜನರಿಗೆ ಚೆನ್ನಾಗಿ ತಲುಪುವ ವಿಧಾನದಲ್ಲಿರಬೇಕು. ಹೀಗೆ ತಿಂಗಳು, ಸಾರ್ವಜನಿಕ, ಕನ್ನಡ, ಊರಿಗೆ ತಲುಪುವ ರೀತಿ ಎಂಬ ನಾಲ್ಕೂ ಅಂಶಗಳು ಕಾನೂನಿನಲ್ಲೇ ಇವೆ. ನಡಾವಳಿ ಪುಸ್ತಕ ಮಾತ್ರ ಮುಖ್ಯ ಶಿಕ್ಷಕರ ಬೀರುವಿನಲ್ಲಿದೆ.

ವರ್ಷಕ್ಕೊಮ್ಮೆ ವರದಿ ಕೊಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು, ಏಕೆಂದರೆ ಹಳ್ಳಿಯ ಮಕ್ಕಳ ಬದುಕು ಸಾಗುವುದೇ ತಿಂಗಳುಗಳ ಲೆಕ್ಕದಲ್ಲಿ. ಜೂನಿನಲ್ಲಿ ಪ್ರಾರಂಭೋತ್ಸವ, ಪಠ್ಯಪುಸ್ತಕ, ಸಮವಸ್ತ್ರದ ಬಟ್ಟೆ. ಶ್ರಾವಣ ಭಾದ್ರಪದದ ಹೊತ್ತಿಗೆ ಹೋಬಳಿ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ. ದಸರಾ ರಜೆ ಮುಗಿಯುತ್ತಿದ್ದಂತೆ ಯಾದಗಿರಿ, ರಾಯಚೂರು ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ. ಆಗ ಮೇಲಿನ ತರಗತಿಯ ಹೆಣ್ಣುಮಕ್ಕಳ ಬೆಂಚುಗಳು ಖಾಲಿಯಾಗತೊಡಗುತ್ತವೆ. ದೀಪಾವಳಿ ಕಳೆದರೆ ಗುಳೆ: ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗಂಡಹೆಂಡಿರು ಹೊರಟಾಗ, ಮನೆಯಲ್ಲಿ ನೋಡಿಕೊಳ್ಳಲು ಅಜ್ಜಿ ಇಲ್ಲದ ಮಕ್ಕಳೂ ಗಂಟಿನೊಡನೆ ಬಸ್ಸು ಹತ್ತುತ್ತಾರೆ. ಅವರು ಮರಳುವ ಹೊತ್ತಿಗೆ ಯುಗಾದಿ ಬಂದಿರುತ್ತದೆ, ಪರೀಕ್ಷೆ ಮುಗಿದಿರುತ್ತದೆ. ವರ್ಷದ ಕೊನೆಯ ವರದಿಯಲ್ಲಿ ಈ ಮಗು ಸರಾಸರಿ ಹಾಜರಿಯ ಒಂದು ಸಣ್ಣ ಭಾಗವಾಗಿ ಕರಗಿಹೋಗುತ್ತದೆ. ನವೆಂಬರ್ ಮೊದಲ ವಾರದ ಸುದ್ದಿಯಲ್ಲಾದರೆ ಅದು ಇನ್ನೂ ಊರಲ್ಲೇ ಇರುವ ಮಗು. ಋತುಮಾನದ ಹಾಸ್ಟೆಲ್ ತೆರೆಸಲು, ಅಜ್ಜಿಯೊಡನೆ ಮಾತಾಡಲು, ಗುಳೆ ಹೋದ ಊರಿನ ಶಾಲೆಗೆ ಸೇರಿಸಲು ಆಗ ಇನ್ನೂ ಸಮಯ ಇರುತ್ತದೆ. ಮಲೆನಾಡು ಕರಾವಳಿಯ ಕಥೆಯೂ ಇದೇ. ಅಲ್ಲಿ ಮಳೆಗಾಲದಲ್ಲಿ ಎಷ್ಟೋ ಮಕ್ಕಳು ಶಾಲೆಗೆ ಬರುವುದು ಅಡಕೆ ಮರದ ದಬ್ಬೆಯನ್ನೋ ಯಾವುದೋ ಮರದ ದಿಮ್ಮಿಯನ್ನೋ ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕದ ಮೇಲೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಬಾಲಕಿಯೊಬ್ಬಳು ಹೀಗೆ ಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಅದಾದ ಮೇಲೆ ಕಾಲುಸಂಕಗಳು ರಾಜ್ಯದ ಸುದ್ದಿಯಾದವು. ಮಕ್ಕಳು ಪ್ರತಿ ವರ್ಷ ಜುಲೈಯಲ್ಲಿ ನಡೆದ ದಾರಿ ಅದೇ ಆಗಿತ್ತು. ಅದು ಜುಲೈ ತಿಂಗಳ ಸುದ್ದಿಯಾಗಬೇಕಿತ್ತು, ಮರಣದ ಸುದ್ದಿಯಾಗುವವರೆಗೆ ಕಾಯಬಾರದಿತ್ತು.

ಸುದ್ದಿ ಹೇಳಿದ ಮಾತ್ರಕ್ಕೆ ಶಾಲೆ ಸುಧಾರಿಸುತ್ತದೆಯೇ ಎಂಬುದಕ್ಕೆ ಪುರಾವೆ ಬೇಕು. ಹೆಚ್ಚು ಉಲ್ಲೇಖಗೊಂಡ ಉದಾಹರಣೆ ಉಗಾಂಡಾದ್ದು. 1991ರಿಂದ 1995ರವರೆಗೆ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಗುವಿನ ತಲೆಗಿಷ್ಟು ಎಂದು ಕಳುಹಿಸುತ್ತಿದ್ದ ಅನುದಾನದಲ್ಲಿ ಶಾಲೆಗಳನ್ನು ಮುಟ್ಟಿದ್ದು ಸರಾಸರಿ ಶೇ. 13 ಮಾತ್ರ. ಉಳಿದದ್ದು ನಡುದಾರಿಯಲ್ಲೇ ಇಂಗಿಹೋಗಿತ್ತು. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಆ ತಿಂಗಳು ಎಷ್ಟು ಹಣ ಹೋಯಿತು ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, ಶಾಲೆಗೆ ಬಂದ ಹಣದ ವಿವರವನ್ನು ಶಾಲೆಯ ಗೋಡೆಗೆ ಅಂಟಿಸಬೇಕೆಂದೂ ಆದೇಶಿಸಿತು. 2001ರ ಹೊತ್ತಿಗೆ ಶಾಲೆ ಮುಟ್ಟುವ ಪಾಲು ಶೇ. 80 ದಾಟಿತ್ತು. ಇದನ್ನು ದಾಖಲಿಸಿದವರು ಅರ್ಥಶಾಸ್ತ್ರಜ್ಞರಾದ ರಿತ್ವಾ ರೇನಿಕ್ಕಾ ಮತ್ತು ಜೇಕಬ್ ಸ್ವೆನ್ಸನ್. ಅದೇ ಕಾಲದಲ್ಲಿ ಅಲ್ಲಿ ಬೇರೆ ಹಣಕಾಸು ಸುಧಾರಣೆಗಳೂ ನಡೆದಿದ್ದವು, ಎಲ್ಲ ಯಶಸ್ಸನ್ನೂ ಪತ್ರಿಕೆಯ ಲೆಕ್ಕಕ್ಕೆ ಬರೆಯಬಾರದು ಎಂದು ಮುಂದೆ ಕೆಲವರು ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಒಪ್ಪೋಣ. ಹಾಗೆ ಒಪ್ಪಿದರೂ, ಬರಬೇಕಾದ ಹಣ ಎಷ್ಟು ಎಂದು ತಿಳಿಯದ ಊರು ಅದನ್ನು ಕೇಳಲಾರದು ಎಂಬ ಮಾತು ಉಳಿಯುತ್ತದೆ. ನಮಗೆ ಇನ್ನೂ ಹತ್ತಿರದ ಉದಾಹರಣೆ ಪಾಕಿಸ್ತಾನದ ಪಂಜಾಬಿನದು. ಅರ್ಥಶಾಸ್ತ್ರಜ್ಞರಾದ ತಾಹಿರ್ ಅಂದ್ರಾಬಿ, ಜಿಷ್ಣು ದಾಸ್ ಮತ್ತು ಆಸಿಂ ಖ್ವಾಜಾ 112 ಹಳ್ಳಿಗಳನ್ನು ಆರಿಸಿಕೊಂಡು, ಅವುಗಳಲ್ಲಿ ಅರ್ಧದಷ್ಟರಲ್ಲಿ ಪ್ರತಿ ಮನೆಗೂ ತಮ್ಮ ಮಗುವಿನ ಅಂಕದ ಜೊತೆಗೆ ಹಳ್ಳಿಯ ಎಲ್ಲ ಶಾಲೆಗಳ ಸರಾಸರಿಯನ್ನೂ ತಿಳಿಸುವ ಕಾರ್ಡು ಹಂಚಿದರು. ಆ ಹಳ್ಳಿಗಳಲ್ಲಿ ಮಕ್ಕಳ ಕಲಿಕೆ ಸುಧಾರಿಸಿತು, ಖಾಸಗಿ ಶಾಲೆಗಳ ಶುಲ್ಕ ಶೇ. 17ರಷ್ಟು ಇಳಿಯಿತು, ಪ್ರಾಥಮಿಕ ಶಾಲೆಗೆ ಸೇರುವ ಮಕ್ಕಳೂ ಹೆಚ್ಚಿದರು. ಶುಲ್ಕ ಇಳಿದದ್ದನ್ನು ವಿಶೇಷವಾಗಿ ಗಮನಿಸಿ. ಹೋಲಿಸಿ ನೋಡಲು ಏನೂ ಇಲ್ಲದಾಗ ಬಡ ತಂದೆ ಬ್ಯಾನರು ನೋಡಿ ಶುಲ್ಕ ಕಟ್ಟುತ್ತಾನೆ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಅಧ್ಯಯನವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರ ಸುಮಾರಿಗೆ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರು ನಡೆಸಿದ ಪ್ರಯೋಗ ಅದು. ಹಳ್ಳಿಗಳಲ್ಲಿ ಸಭೆ ಸೇರಿಸಿ, ಗ್ರಾಮ ಶಿಕ್ಷಣ ಸಮಿತಿಯ ಹಕ್ಕುಗಳೇನು, ಊರಿನ ಮಕ್ಕಳ ಓದಿನ ಮಟ್ಟವೇನು ಎಂದು ತಿಳಿಸಲಾಯಿತು. ಸಮಿತಿಯ ಸದಸ್ಯರಲ್ಲೇ ಹಲವರಿಗೆ ತಾವು ಸದಸ್ಯರೆಂಬುದು ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಸರ್ಕಾರಿ ಶಾಲೆಯ ನಡೆಯಲ್ಲಾಗಲಿ ಪೋಷಕರ ಪಾಲ್ಗೊಳ್ಳುವಿಕೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಸ್ವಯಂಸೇವಕರು ಶಾಲೆಯ ಹೊತ್ತಿನ ಆಚೆಗೆ ನಡೆಸಿದ ಓದಿನ ಶಿಬಿರಕ್ಕೆ ಬಂದ ಮಕ್ಕಳು ಮಾತ್ರ ಓದಲು ಕಲಿತರು. ಹಾಗಾದರೆ ಊರಿಗೆ ಸುದ್ದಿ ಹೇಳಿ ಫಲವೇನು ಎಂದು ಇದನ್ನು ಓದಿದವರು ಕೇಳುತ್ತಾರೆ. ಜೌನ್‌ಪುರದಲ್ಲಿ ಹೇಳಿದವರು ಹೊರಗಿನವರು. ಹೇಳಿದ್ದು ಸಭೆಗಳಲ್ಲಿ, ಆಮೇಲೆ ಅವರು ಹೊರಟುಹೋದರು. ಮುಂದಿನ ತಿಂಗಳು ಏನಾಯಿತು ಎಂದು ತಿಳಿಯುವ ದಾರಿ ಊರಿಗೆ ಉಳಿಯಲಿಲ್ಲ. ಒಂದು ಸಲ ಕೇಳಿದ ಕೆಟ್ಟ ಸುದ್ದಿ ಮನುಷ್ಯನನ್ನು ಕೈಚೆಲ್ಲಿ ಕೂರಿಸುತ್ತದೆ. ತಿಂಗಳು ತಿಂಗಳೂ ಬರುವ ಸುದ್ದಿ ಹೋದ ತಿಂಗಳಿಗೂ ಈ ತಿಂಗಳಿಗೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ, ಕೇಳಿದ್ದು ಆಯಿತೋ ಇಲ್ಲವೋ ಎಂಬುದನ್ನು ತೋರಿಸುತ್ತದೆ. ಜೊತೆಗೆ, ಆ ಓದಿನ ಶಿಬಿರ ಗೆದ್ದದ್ದು ಊರವರಿಗೆ ಕೈಹಾಕಲು ಒಂದು ನಿರ್ದಿಷ್ಟ ಕೆಲಸ ಸಿಕ್ಕಿದ್ದರಿಂದ. ಆದ್ದರಿಂದ ನಾನು ಕೇಳುತ್ತಿರುವ ಪುಟದಲ್ಲಿ ಪ್ರತಿ ತಿಂಗಳೂ ಊರು ಮಾಡಬಹುದಾದ ಒಂದು ಕೆಲಸ ಇರಲೇಬೇಕು.

ಇದನ್ನು ಮಕ್ಕಳೇ ಏಕೆ ಬರೆಯಬೇಕು? ಶಾಲೆಯ ಸತ್ಯ ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ವಿರೋಧ ಎದ್ದಿತು. ದೊಡ್ಡವರು ಧರ್ಮ, ಪೌಷ್ಟಿಕತೆ, ರಾಜಕಾರಣ ಎಂದು ವಾದಿಸುತ್ತಿದ್ದಾಗ ಮೊಟ್ಟೆ ತಮಗೆ ಬೇಕು ಎಂದು ಗಟ್ಟಿಯಾಗಿ ಹೇಳಿದವರು ಗಂಗಾವತಿಯ ಶಾಲಾ ಬಾಲಕಿಯರು. ತಿನ್ನುವವರ ಮಾತನ್ನು ನಾಡು ಕೇಳಿದ್ದು ಆಗಲೇ. ದುಡಿಯುವ ಮಕ್ಕಳ ಭೀಮ ಸಂಘ 1990ರಷ್ಟು ಹಿಂದೆಯೇ ಹುಟ್ಟಿತು. ಆ ಮಕ್ಕಳು ತಮ್ಮದೇ 'ಭೀಮ ಪತ್ರಿಕೆ' ನಡೆಸಿದರು, ಕುಂದಾಪುರ ಸೀಮೆಯ ಕೆರಾಡಿ, ಆಲೂರಿನಂಥ ಊರುಗಳಲ್ಲಿ ಮಕ್ಕಳ ಪಂಚಾಯ್ತಿ ಕಟ್ಟಿದರು. ಇಂದು ರಾಜ್ಯದ ಗ್ರಾಮ ಪಂಚಾಯ್ತಿಗಳೆಲ್ಲ ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯ ಬೇರು ಅಂಥ ಪ್ರಯತ್ನಗಳಲ್ಲಿದೆ. ಅಕ್ಷರದ ಮೇಲೆ ಮಕ್ಕಳಿಗಿರುವ ಹಕ್ಕನ್ನು ತರಗತಿಯಲ್ಲೂ ನಾವು ಒಪ್ಪಿಕೊಂಡಿದ್ದೇವೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿ ಶಿಕ್ಷಕರು ರೂಪಿಸಿದ ನಲಿಕಲಿ ಎಂಬ ಕಲಿಕಾ ವಿಧಾನ 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ನಲಿಕಲಿ ಕೊಠಡಿಗೆ ಹೋಗಿ ತಲೆಯೆತ್ತಿ ನೋಡಿ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಾಡಿದ ಚಪ್ಪರವಿದೆ, ಅದರಿಂದ ಮಕ್ಕಳ ಚಿತ್ರ, ಮಕ್ಕಳ ಬರಹ ಇಳಿಬಿದ್ದಿವೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪು ಹಲಗೆಯಿದೆ, ಒಂದೊಂದು ಚೌಕ ಒಂದೊಂದು ಮಗುವಿನದು. ಹವಾಮಾನ ನಕ್ಷೆಯಲ್ಲಿ ಇಂದು ಮೋಡ ಎಂದು ಗುರುತು ಹಾಕಿದ್ದು ಆರು ವರ್ಷದ ಕೈ. ದಿನದ ಸುದ್ದಿಯನ್ನು ನೋಡಿ ದಾಖಲಿಸುವ ಅಭ್ಯಾಸ ನಮ್ಮ ಒಂದನೆಯ ತರಗತಿಯಲ್ಲೇ ಆರಂಭವಾಗಿದೆ. ಐದು, ಆರು, ಏಳನೆಯ ತರಗತಿಗೆ ಬರುವಷ್ಟರಲ್ಲಿ ಅದನ್ನು ನಿಲ್ಲಿಸಿ ಪ್ರಶ್ನೋತ್ತರ ನಕಲು ಮಾಡಿಸುತ್ತೇವೆ.

ಪುಟ ಹೇಗಿರಬೇಕು ಎಂಬುದನ್ನು ಬಿಡಿಸಿ ಹೇಳದಿದ್ದರೆ ಇದು ಬರಿಯ ಆಸೆಯಾಗುತ್ತದೆ. ಯಾದಗಿರಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ನವೆಂಬರ್ ಸುದ್ದಿಯನ್ನು ಊಹಿಸಿಕೊಳ್ಳಿ. ಮೇಲೆ ದಪ್ಪ ಅಕ್ಷರದಲ್ಲಿ ಶಾಲೆಯ ಹೆಸರು, ತಿಂಗಳು. ಮೊದಲ ಸುದ್ದಿ ಹಾಜರಿ: ತಿಂಗಳ ಮೊದಲ ವಾರ ದಿನಕ್ಕೆ ಎಷ್ಟು ಮಕ್ಕಳು, ಕೊನೆಯ ವಾರ ಎಷ್ಟು, ಇಳಿದಿದ್ದರೆ ಕಾರಣ ಹತ್ತಿಯೋ ಜ್ವರವೋ ಗುಳೆಯೋ. ಆಮೇಲೆ ಪಾಠ: ಯಾವ ತರಗತಿಯ ಯಾವ ವಿಷಯಕ್ಕೆ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕರು ಎಂದು ಬಂದರು, ಐದನೆಯ ತರಗತಿಯಲ್ಲಿ ಒಂದು ಪುಟವನ್ನು ತಡವರಿಸದೆ ಓದುವವರು ಕಳೆದ ತಿಂಗಳಿಗಿಂತ ಹೆಚ್ಚಾದರೇ. ಊಟ: ಕೊಟ್ಟ ದಿನಗಳೆಷ್ಟು, ಮೊಟ್ಟೆ ಬಾಳೆಹಣ್ಣು ಬಂದ ದಿನಗಳೆಷ್ಟು. ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ, ಮೇಲಿನವರಿಗೆ 150 ಗ್ರಾಂ ಧಾನ್ಯ ಸಲ್ಲಬೇಕು ಎಂಬ ಸಾಲು ಪ್ರತಿ ತಿಂಗಳೂ ಇರಲಿ, ಅಳತೆ ಎಲ್ಲರಿಗೂ ಬಾಯಿಪಾಠವಾಗುವವರೆಗೆ. ಹಣ: ಬಂದದ್ದು, ಖರ್ಚಾದದ್ದು. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಕೇಳಿದ್ದು ಮತ್ತು ಈವರೆಗೆ ಆದದ್ದು. ಕೊನೆಗೆ ಮಕ್ಕಳು ತಾವೇ ವಿಚಾರಿಸಿ ಬರೆದ ಒಂದು ವರದಿ. ಅದು ಊರಿನ ಕೆರೆಯ ನೀರಿನ ಮಟ್ಟವಿರಬಹುದು, ಕಬಡ್ಡಿ ತಂಡದ ಗೆಲುವಿರಬಹುದು, ಅಡುಗೆಯಮ್ಮನ ದಿನಚರಿಯಿರಬಹುದು. ಪುಟದ ತಳದಲ್ಲಿ ಊರಿಗೊಂದು ಕೆಲಸ: ಈ ತಿಂಗಳು ಗುಳೆ ಹೊರಡುವ ಮನೆಗಳು ಮಕ್ಕಳನ್ನು ಬಿಟ್ಟುಹೋಗುವ ಏರ್ಪಾಡಿಗೆ ಎಸ್‌ಡಿಎಂಸಿಯನ್ನು ಕಾಣಲಿ. ಈ ಪುಟ ಶಾಲೆಯ ಗೋಡೆ, ಪಂಚಾಯ್ತಿ ಕಚೇರಿ, ಊರಿನ ಗ್ರಂಥಾಲಯವಾದ ಅರಿವು ಕೇಂದ್ರ, ಮತ್ತು ಇದ್ದಲ್ಲೆಲ್ಲ ಹಾಲಿನ ಡೇರಿ, ಈ ನಾಲ್ಕು ಕಡೆ ಅಂಟಬೇಕು. ಡೇರಿಯನ್ನು ಬೇಕೆಂದೇ ಹೇಳುತ್ತಿದ್ದೇನೆ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹೆಂಗಸರು ಗಂಡಸರು ಕ್ಯಾನು ಹಿಡಿದು ಸಾಲು ನಿಲ್ಲುವ ಜಾಗ ಹಳ್ಳಿಯಲ್ಲಿ ಇನ್ನೊಂದಿಲ್ಲ.

ಶಿಕ್ಷಕರ ಆಕ್ಷೇಪ ನ್ಯಾಯವಾದದ್ದು. ಈಗಾಗಲೇ ಹತ್ತಾರು ನಮೂನೆ ತುಂಬಿ ಸಾಕಾಗಿದೆ, ಇದೊಂದು ಹೊಸದು ಬೇಡ ಎಂದು ಅವರು ಹೇಳಿದರೆ ತಪ್ಪಿಲ್ಲ. ಪಾಠೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು 2009ರ ಕಾಯ್ದೆಯ 27ನೆಯ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತುಗಳನ್ನು ಮಾತ್ರ ಹೊರತುಪಡಿಸಿ ಹೇಳಿದೆ, ಅದನ್ನು ಪಾಲಿಸುವವರು ಕಡಿಮೆ. ಆದ್ದರಿಂದ ಈ ಪುಟಕ್ಕೆ ಒಂದು ಕಟ್ಟುನಿಟ್ಟು ಇರಬೇಕು: ಇಲಾಖೆ ಕೇಳಿತೆಂದು ಇದು ಮೇಲಕ್ಕೆ ಹೋಗಬಾರದು. ಅಪ್‌ಲೋಡ್ ಇಲ್ಲ, ಫೋಟೊ ಕಳುಹಿಸುವುದಿಲ್ಲ, ಅತ್ಯುತ್ತಮ ಸುದ್ದಿಪತ್ರಕ್ಕೆ ತಾಲ್ಲೂಕು ಮಟ್ಟದ ಬಹುಮಾನ ಇಲ್ಲ. ಮೇಲಿನವರು ಕೇಳಿದ ಕ್ಷಣವೇ ಅದು ಅವರಿಗಾಗಿ ಬರೆದ ಪುಟವಾಗುತ್ತದೆ, ಅಂಕಿಗಳು ಚಂದವಾಗತೊಡಗುತ್ತವೆ. ಅಂಕಿಗಳೆಲ್ಲ ಈಗಾಗಲೇ ವಹಿಗಳಲ್ಲಿವೆ, ತೆಗೆದು ಬರೆಯಬೇಕಷ್ಟೆ. ಏಳನೆಯ ತರಗತಿಯ ಮಕ್ಕಳು ಸರಾಸರಿ ತೆಗೆಯುವುದು ಅವರ ಗಣಿತದ ಪಾಠ, ವರದಿ ಬರೆಯುವುದು ಕನ್ನಡದ ಪಾಠ, ನೀರಿನ ಮಟ್ಟ ಅಳೆಯುವುದು ವಿಜ್ಞಾನದ ಪಾಠ. ಫ್ರಾನ್ಸಿನ ಹಳ್ಳಿ ಶಿಕ್ಷಕ ಸೆಲೆಸ್ತಿನ್ ಫ್ರೆನೆ 1920ರ ದಶಕದಲ್ಲಿ ಬಾರ್-ಸುರ್-ಲೂ ಎಂಬ ಊರಿನ ಬಡ ಶಾಲೆಗೆ ಸಣ್ಣ ಮುದ್ರಣ ಯಂತ್ರ ತಂದಾಗ ಮಾಡಿದ್ದು ಇದನ್ನೇ. ಮಕ್ಕಳು ಬರೆದದ್ದನ್ನು ಮಕ್ಕಳೇ ಅಚ್ಚು ಮೊಳೆ ಜೋಡಿಸಿ ಮುದ್ರಿಸಿದರು, ದೂರದ ಬ್ರಿಟನಿಯ ಶಾಲೆಯೊಡನೆ ಹಂಚಿಕೊಂಡರು. ಓದುವವರು ನಿಜವಾಗಿಯೂ ಇದ್ದಾರೆ ಎಂದು ಗೊತ್ತಾದ ಮಗು ಕಾಗುಣಿತದ ತಪ್ಪನ್ನು ತಾನೇ ಹುಡುಕುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಭಯದ್ದು. ಮೊಟ್ಟೆ ಬರಲಿಲ್ಲ ಎಂದು ಬರೆದರೆ ಮೊದಲು ನೋಟಿಸು ಬರುವುದು ಮುಖ್ಯ ಶಿಕ್ಷಕರಿಗೆ. ಈ ಭಯ ಹುಸಿಯಲ್ಲ. ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯಲ್ಲಿ 2019ರಲ್ಲಿ ಮಕ್ಕಳು ಬಿಸಿಯೂಟಕ್ಕೆ ರೊಟ್ಟಿ ಉಪ್ಪು ತಿನ್ನುತ್ತಿದ್ದುದನ್ನು ಚಿತ್ರೀಕರಿಸಿದ ಪತ್ರಕರ್ತನ ಮೇಲೆಯೇ ಮೊಕದ್ದಮೆ ಹೂಡಲಾಯಿತು. ಫ್ರೆನೆಯ ಕಥೆಯೂ ಸುಖಾಂತವಲ್ಲ. ಮುಂದೆ ಅವರು ಸೇಂಟ್-ಪಾಲ್ ಎಂಬ ಊರಿಗೆ ಹೋದಾಗ, ಕನಸಿನಲ್ಲಿ ಮೇಯರನನ್ನು ಕೊಂದಂತೆ ಒಬ್ಬ ಹುಡುಗ ಬರೆದದ್ದು ಶಾಲೆಯ ಹಾಳೆಯಲ್ಲಿ ಅಚ್ಚಾಯಿತು. ಶಾಲೆಯ ಕೊಳಕು ಸ್ಥಿತಿಯ ಬಗ್ಗೆ ಫ್ರೆನೆ ಆಡಳಿತವನ್ನು ಕೇಳುತ್ತಿದ್ದುದು ಮೊದಲೇ ಊರಿನ ಕೆಲವರ ಕಣ್ಣಿಗೆ ಬಿದ್ದಿತ್ತು. ವಿರೋಧಿಗಳು ಆ ಬರಹವನ್ನೇ ಹಿಡಿದು ಗದ್ದಲ ಎಬ್ಬಿಸಿದರು, 1933ರಲ್ಲಿ ಫ್ರೆನೆ ಆ ಶಾಲೆಯನ್ನು ಬಿಡಬೇಕಾಯಿತು. ಇದರಿಂದ ನಾವು ತೆಗೆದುಕೊಳ್ಳಬೇಕಾದ್ದು ಹಿಂಜರಿಕೆಯನ್ನಲ್ಲ, ಏರ್ಪಾಡನ್ನು. ಕಥೆ, ಕವನ, ಕನಸು ತರಗತಿಯ ಚಪ್ಪರದಲ್ಲಿರಲಿ, ತಿಂಗಳ ಪುಟದಲ್ಲಿ ವಹಿಯಿಂದ ತೆಗೆದ ಅಂಕಿ ಮತ್ತು ಮಕ್ಕಳು ಕಣ್ಣಾರೆ ಕಂಡದ್ದು ಇರಲಿ. ಪುಟ ಹೊರಡುವುದು ಎಸ್‌ಡಿಎಂಸಿಯ ನಿರ್ಣಯದ ಮೇಲೆ, ಅದರ ಅಧ್ಯಕ್ಷರ ಹೆಸರಿನಲ್ಲಿ. ಆಗ ಉತ್ತರ ಹೇಳಬೇಕಾದವರು ಪೋಷಕರ ಸಮಿತಿಯೇ ಹೊರತು ಒಬ್ಬ ಶಿಕ್ಷಕ ಅಲ್ಲ. ಇನ್ನೂ ಒಂದು ಮಾತಿದೆ. ಶಿಕ್ಷಕರ ಹುದ್ದೆ ಖಾಲಿಯಿದ್ದು ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿರುವಾಗ, ಅದನ್ನು ಊರಿಗೆ ಹೇಳುವ ಪುಟ ಶಿಕ್ಷಕರಿಗೆ ರಕ್ಷಣೆಯೂ ಹೌದು. ಮಗು ಕಲಿಯದಿದ್ದರೆ ಊರು ಇಂದು ದೂರುವುದು ಎದುರಿಗಿರುವ ಮಾಸ್ತರನ್ನು. ಹುದ್ದೆ ಎಷ್ಟು ತಿಂಗಳಿಂದ ಖಾಲಿ ಎಂದು ಗೊತ್ತಾದ ಊರು ದೂರುವ ದಿಕ್ಕು ಬದಲಾಗುತ್ತದೆ.

ಮಕ್ಕಳ ಮಾನದ ಪ್ರಶ್ನೆಯಲ್ಲಿ ರಾಜಿಯಿಲ್ಲ. ಗೈರಾದವರ ಹೆಸರು, ಕಡಿಮೆ ಅಂಕ ಬಂದವರ ಹೆಸರು, ಜಾತಿ, ಮನೆಯ ಸಾಲ, ಕಾಯಿಲೆ ಯಾವುದೂ ಗೋಡೆಗೆ ಬರಬಾರದು. ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ಅದು ಸುದ್ದಿಯ ವಿಷಯವೇ ಅಲ್ಲ, ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೂ ಪೊಲೀಸರಿಗೂ ಮುಟ್ಟಿಸಬೇಕಾದ ವಿಷಯ. ಅಂಥ ಮಗುವಿನ ಗುರುತು ಬಹಿರಂಗಪಡಿಸುವುದು ಕಾನೂನಿನಲ್ಲೇ ಅಪರಾಧ. ಹೆಸರು ಬರಬೇಕಾದ್ದು ಬರೆದ ಮಕ್ಕಳದ್ದು, ಆಡಿ ಗೆದ್ದವರದ್ದು, ಆಡಿ ಸೋತವರದ್ದು. ಬರೆಯುವ ಪಾಳಿ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಬರಲಿ. ಇಲ್ಲದಿದ್ದರೆ ಅಕ್ಷರ ಚೆಂದವಿರುವ ಮೂರು ಮಕ್ಕಳ ಪತ್ರಿಕೆಯಾಗುತ್ತದೆ, ಆ ಮೂವರು ಯಾವ ಓಣಿಯಿಂದ ಬಂದವರು ಎಂಬುದು ಹಳ್ಳಿ ಬಲ್ಲವರಿಗೆಲ್ಲ ಗೊತ್ತು.

ವಾಟ್ಸಾಪ್ ಗುಂಪುಗಳಿರುವಾಗ ಕಾಗದ ಯಾಕೆ ಎನ್ನುವವರಿಗೆ ಹೇಳಬೇಕಾದ್ದು ಇಷ್ಟು. ಆ ಗುಂಪಿರುವ ಫೋನು ಬಹಳ ಮನೆಗಳಲ್ಲಿ ಅಪ್ಪನ ಜೇಬಿನಲ್ಲಿದೆ, ಅಪ್ಪ ಕೆಲಸದಲ್ಲಿದ್ದಾನೆ. ಅದರಲ್ಲಿ ಬರುವುದು ನಾಳೆ ರಜೆ, ಆಧಾರ್ ತನ್ನಿ, ಧ್ವಜಾರೋಹಣದ ಫೋಟೊ ಇಂಥವು. ಗೋಡೆಯ ಮೇಲಿನ ಹಾಳೆಯನ್ನು ನಾಲ್ಕು ಜನ ಒಟ್ಟಿಗೆ ನಿಂತು ಓದುತ್ತಾರೆ, ಒಟ್ಟಿಗೆ ಓದಿದ್ದು ಒಟ್ಟಿಗೆ ಮಾತಾಡುವ ವಿಷಯವಾಗುತ್ತದೆ. ಓದಲು ಬಾರದ ಪೋಷಕರ ಗತಿಯೇನು ಎಂಬ ಪ್ರಶ್ನೆಗೂ ಉತ್ತರವಿದೆ: ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಂದು ಮಗು ನಿಂತು ಪುಟವನ್ನು ಗಟ್ಟಿಯಾಗಿ ಓದಲಿ. ತನ್ನ ಮಗಳು ತಡವರಿಸದೆ ಓದುತ್ತಾಳೋ ಇಲ್ಲವೋ ಎಂದು ಅಕ್ಷರ ಬಾರದ ತಾಯಿಗೂ ಅಲ್ಲಿ ಕಿವಿಯಾರೆ ತಿಳಿಯುತ್ತದೆ. ಹೀಗೆ ಊರಿನ ಮುಂದೆ ಕಲಿಕೆಯನ್ನು ತೆರೆದಿಡುವುದು ಹೊಸದೇನಲ್ಲ. ಕೋವಿಡ್ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ವಿದ್ಯಾಗಮ ಎಂಬ ಸರ್ಕಾರಿ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮನೆ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಕಾರಣಕ್ಕೆ ಅದನ್ನು ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು, ಆ ಅವಧಿಯಲ್ಲಿ ಶಿಕ್ಷಕರು ತೆತ್ತ ಬೆಲೆ ದೊಡ್ಡದು. ಆದರೂ ಪಾಠ ಎಂಬುದು ಕಾಂಪೌಂಡಿನ ಒಳಗಿನ ಗುಟ್ಟಾಗಿ ಉಳಿಯದೆ ಊರಿನ ಕಣ್ಣೆದುರು ನಡೆದ ಅಪರೂಪದ ಕಾಲ ಅದಾಗಿತ್ತು.

ಕೊನೆಯ ಆಕ್ಷೇಪ ನಿರಾಶೆಯದು. ಮಕ್ಕಳೇ ಉಳಿಯದ ಶಾಲೆಗೆ ಸುದ್ದಿಪತ್ರ ಯಾಕೆ, ಜನಕ್ಕೆ ಬೇಕಿರುವುದು ಇಂಗ್ಲಿಷ್ ಎನ್ನುತ್ತಾರೆ. ಆ ಬೇಡಿಕೆಯನ್ನು ಒಪ್ಪಿಯೇ 2019-20ರಲ್ಲಿ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಮಾಧ್ಯಮದ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಖಾಸಗಿ ಶಾಲೆಯ ಹಳದಿ ಬಸ್ಸು ಊರೊಳಗೆ ಬರುವಾಗ ತನ್ನ ಸುದ್ದಿಯನ್ನು ತಾನೇ ಹೊತ್ತು ತರುತ್ತದೆ: ಫ್ಲೆಕ್ಸಿನ ಮೇಲೆ ಮಕ್ಕಳ ಮುಖ, ಶೇಕಡಾವಾರು ಫಲಿತಾಂಶ, ಟೈ, ಬೂಟು. ಆ ಫ್ಲೆಕ್ಸಿನ ಎದುರು ಸರ್ಕಾರಿ ಶಾಲೆ ಮೌನವಾಗಿದೆ. ಪೋಷಕರು ಹೋಲಿಸುವುದು ಗೊತ್ತಿರುವ ಒಂದನ್ನು ಗೊತ್ತಿಲ್ಲದ ಇನ್ನೊಂದರ ಜೊತೆ. ಕಳೆದ ಆರು ತಿಂಗಳಲ್ಲಿ ಓದಲು ಕಲಿತ ಮಕ್ಕಳ ಸಂಖ್ಯೆ, ತರಬೇತಿ ಪಡೆದ ಶಿಕ್ಷಕರ ಅರ್ಹತೆ, ಗ್ರಂಥಾಲಯದಿಂದ ಮನೆಗೆ ಹೋದ ಪುಸ್ತಕಗಳ ಲೆಕ್ಕ ಡೇರಿಯ ಗೋಡೆಯ ಮೇಲಿದ್ದರೆ ಹೋಲಿಕೆ ಸಮನಾಗುತ್ತದೆ. ಮಗುವನ್ನು ಕಳುಹಿಸುವುದೋ ಬಿಡುವುದೋ ಆಮೇಲೆ ತಂದೆತಾಯಿಗೆ ಬಿಟ್ಟದ್ದು. ಸುದ್ದಿ ಕೆಟ್ಟದ್ದಾಗಿದ್ದರೆ, ಮೂರು ತಿಂಗಳು ಸಾಲಾಗಿ ಗಣಿತಕ್ಕೆ ಶಿಕ್ಷಕರಿಲ್ಲ ಎಂದೇ ಬರೆಯಬೇಕಾಗಿ ಬಂದರೆ, ಆ ಮೂರು ಹಾಳೆಗಳನ್ನು ಎಸ್‌ಡಿಎಂಸಿ ತನ್ನ ನಿರ್ಣಯದೊಡನೆ ಬಿಇಒ ಕಚೇರಿಗೆ ಕೊಂಡೊಯ್ದು ಸ್ವೀಕೃತಿ ಪಡೆಯಲಿ. ಮುಂದಿನ ಸಾಲಿನ ಶಾಲಾಭಿವೃದ್ಧಿ ಯೋಜನೆಗೂ ಅವನ್ನೇ ಲಗತ್ತಿಸಲಿ. ಆ ಯೋಜನೆ ತಯಾರಿಸುವ ಅಧಿಕಾರ 2009ರ ಕಾಯ್ದೆಯ 22ನೆಯ ಸೆಕ್ಷನ್ ಸಮಿತಿಗೇ ಕೊಟ್ಟಿದೆ. ಇಲ್ಲಿರುವ ಎಸ್‌ಡಿಎಂಸಿ ಸದಸ್ಯರು ತಮ್ಮ ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲು ಬಿಇಒ ಕಚೇರಿಯ ಸುತ್ತೋಲೆಗಾಗಿ ಕಾಯಬೇಕಿಲ್ಲ.